ಅವನು ಕೊನೆಗೆ ಸುರಿದ ಬಕೆಟ್

ಹಿರೀಸಾವೆಯಲ್ಲಿ ಹೆದ್ದಾರಿಯ ಪಕ್ಕ ನಮ್ಮದೊಂದು ಸಣ್ಣ ಹೋಟೆಲ್ ಇದೆ. ನಮ್ಮದು ಎಂದು ಬರೆದೆ, ಅದು ನನ್ನ ತಮ್ಮನದು. ನಾನು ಮದುವೆಯಾಗಿ ಹೊಳೆನರಸೀಪುರ ಸೇರಿದವಳು. ಗಂಡ ತೀರಿಕೊಂಡ ಮೇಲೆ ತಮ್ಮನೇ ಬಂದು, “ಇಲ್ಲಿ ಒಬ್ಳೇ ಕೂತು ಏನ್ ಮಾಡೀಯೆ ಅಕ್ಕ, ನಮ್ ಚಟ್ನೀನಾರ ನೆಟ್ಟಗಾಗ್ಲಿ ಬಾ” ಎಂದು ಕರೆದುಕೊಂಡು ಬಂದ. ಅಂದಿನಿಂದ ಹಿಟ್ಟು, ಚಟ್ನಿ, ಪಲ್ಯ ನನ್ನ ಪಾಲು. ಇಡ್ಲಿ, ಸಾಂಬಾರು ಅವನದು. ಗಲ್ಲಾದಲ್ಲಿ ಅವನ ಹೆಂಡತಿ ಕೂರುತ್ತಿದ್ದಳು.

ಹೋಟೆಲಿನ ಹಿಂದೆ, ಬಾಳೆಗಿಡಗಳ ಮಗ್ಗುಲಲ್ಲಿ, ಅವನು ಕಟ್ಟಿಸಿದ ಗ್ಯಾಸ್ ತೊಟ್ಟಿ ಇದೆ. ನೆಲದೊಳಗೆ ಸಿಮೆಂಟಿನ ಸಣ್ಣ ಬಾವಿಯಂಥದ್ದು, ಅದರ ಮೇಲೆ ಕವುಚಿ ಹಾಕಿದ ದೊಡ್ಡ ಡ್ರಮ್ಮು. ಒಳಗೆ ಗ್ಯಾಸ್ ತುಂಬಿದ ಹಾಗೆ ಡ್ರಮ್ಮು ಮೇಲೇಳುತ್ತದೆ, ಒಲೆ ಉರಿದ ಹಾಗೆ ಇಳಿಯುತ್ತದೆ. ತರಕಾರಿ ಸಿಪ್ಪೆ, ಗಿರಾಕಿಗಳು ತಟ್ಟೆಯಲ್ಲಿ ಬಿಟ್ಟದ್ದು, ಹಿಟ್ಟಿನ ಪಾತ್ರೆ ತೊಳೆದ ನೀರು, ಪಕ್ಕದ ಮನೆಯಿಂದ ತಂದ ಸಗಣಿ, ಎಲ್ಲವನ್ನೂ ಬಕೆಟ್‌ನಲ್ಲಿ ಕಲಸಿ ದಿನಾ ಬೆಳಿಗ್ಗೆ ಅವನೇ ಸುರಿಯುತ್ತಿದ್ದ. ಕಾಫಿ, ಹಾಲು, ಸಾಂಬಾರಿನ ಬೇಳೆ, ಇಷ್ಟೂ ಆ ಗ್ಯಾಸಿನಲ್ಲೇ ಆಗುತ್ತಿತ್ತು. ಇಡ್ಲಿಗೆ ಮಾತ್ರ ಸಿಲಿಂಡರ್.

ಮೊದಲ ವರ್ಷ ಅದು ಸರಿಯಾಗಿ ನಡೆಯಲಿಲ್ಲ. ಹೋಟೆಲಿನ ಮುಸುರೆ ಬೇಗ ಹುಳಿಯಾಗುತ್ತದೆ. ಉರಿ ಒಂದು ದಿನ ಇದ್ದರೆ ಎರಡು ದಿನ ಇರುತ್ತಿರಲಿಲ್ಲ. ಹಾಸನದಲ್ಲಿ ರೈತರಿಗೆ ಯಾವುದೋ ತರಬೇತಿ ಇದೆ ಎಂದು ಕೇಳಿ ಇವನೂ ಹೋಗಿ ಕೂತು ಬಂದ. ಬಂದವನು ಬಯೋಚಾರ್ ಎಂಬ ಮಾತು ಕಲಿತು ಬಂದಿದ್ದ. ಇದ್ದಿಲೇ ಅದು. ನಾನು ಚಟ್ನಿಗೆ ಒಡೆದ ಕಾಯಿಯ ಚಿಪ್ಪುಗಳನ್ನು ಒಂದು ತಗಡಿನ ಪೀಪಾಯಿಗೆ ತುಂಬಿ, ಗಾಳಿ ಆಡದ ಹಾಗೆ ಮುಚ್ಚಿ ಸುಡುತ್ತಿದ್ದ. ಆರಿದ ಮೇಲೆ ಕುಟ್ಟಿ ಪುಡಿ ಮಾಡಿ, ತೊಟ್ಟಿಯಿಂದ ಹೊರಬಂದ ಬಗ್ಗಡದಲ್ಲೇ ಒಂದೆರಡು ದಿನ ನೆನೆಹಾಕಿ, ಆಮೇಲೆ ಒಳಗೆ ಬಿಡುತ್ತಿದ್ದ. ಇದ್ದಿಲಿನಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವಂತೆ. ಗ್ಯಾಸ್ ಮಾಡುವ ಜೀವಿಗಳು ಅಲ್ಲಿ ಮನೆ ಮಾಡಿಕೊಳ್ಳುತ್ತವಂತೆ, ಹುಳಿ ಹೆಚ್ಚಾದರೂ ಅಷ್ಟು ಬೇಗ ಸಾಯುವುದಿಲ್ಲವಂತೆ. ನನಗೆ ಅರ್ಥವಾದದ್ದು ಇಷ್ಟು. ಹಾಗೆ ಮಾಡಲು ಶುರು ಮಾಡಿದ ಮೇಲೆ ಉರಿ ಆರದೆ ನಿಂತಿತು, ನೀಲಿಯಾಗಿ, ಒಂದೇ ಸಮನೆ.

ಗಿರಾಕಿಗಳಿಗೆ ಅದೊಂದು ತಮಾಷೆ. “ಏನ್ಲಾ, ಸಾಂಬಾರ್ಗೂ ಇದ್ಲು ಆಕ್ತೀಯಾ?” ಎಂದು ದಿನಾ ಬರುವ ಲಾರಿಯವರು ಕೇಳುತ್ತಿದ್ದರು.

“ಸಗಣಿ ಸುಟ್ಟು ಹಣೆಗೆ ಅಚ್ಕತೀವಿ, ಅದುಕ್ಕೆ ನಗಲ್ಲ. ಚಿಪ್ಪು ಸುಟ್ಟು ತೊಟ್ಟಿಗೆ ಆಕುದ್ರೆ ನಗ್ತೀರಾ,” ಎಂದು ಇವನು ತನ್ನ ಹಣೆಯ ವಿಭೂತಿ ತೋರಿಸುತ್ತಿದ್ದ.

ಅವನು ಹೋದ ದಿನ ಬೆಳಿಗ್ಗೆ ಬೂದುಗುಂಬಳದ ಸಾಂಬಾರು. ಸಿಪ್ಪೆ, ತಿರುಳು ನಾನೇ ತೆಗೆದು ಬಕೆಟ್‌ಗೆ ಹಾಕಿದ್ದೆ. ಅವನು ಬಗ್ಗಿ ನೋಡಿ, “ಇಷ್ಟ್ ದಪ್ಪ ದಪ್ಪ ಆಕಿದೀಯಲ್ಲ ಅಕ್ಕ, ತೊಟ್ಟಿಗೇನ್ ಹಲ್ಲೈತಾ?” ಎಂದ. ನಾನು ನಿನಗೆ ಇದೆಯಲ್ಲ, ನೀನೇ ಅಗಿದು ಹಾಕು ಎಂದೆ. ನಗುತ್ತಾ ತಾನೇ ಕತ್ತಿಯಲ್ಲಿ ಕೊಚ್ಚಿ, ಕಲಸಿ, ಸುರಿದು, ತೊಟ್ಟಿಯ ಬಾಯಿಗೇ ಕೈ ತೊಳೆದುಕೊಂಡ. ತೊಟ್ಟಿಯ ಕಟ್ಟೆಯ ಮೇಲೆ ಕೂತ. ಎದೆ ಯಾಕೋ ಹಿಡಿದ ಹಾಗಿದೆ ಎಂದ. ಚನ್ನರಾಯಪಟ್ಟಣದ ಆಸ್ಪತ್ರೆಯಲ್ಲಿ ನೋಡಿ ಹಾಸನಕ್ಕೆ ಕರೆದುಕೊಂಡು ಹೋಗಿ ಎಂದರು. ಶಾಂತಿಗ್ರಾಮ ದಾಟುವಷ್ಟರಲ್ಲಿ ನನ್ನ ತೊಡೆಯ ಮೇಲಿದ್ದ ಅವನ ತಲೆ ಭಾರವಾಯಿತು.

ಹೋಟೆಲ್ ಮುಚ್ಚಿತು. ಒಲೆ ಹಚ್ಚಲಿಲ್ಲ. ಊಟ ನೆಂಟರ ಮನೆಗಳಿಂದ ಬರುತ್ತಿತ್ತು. ತೊಟ್ಟಿಗೆ ಯಾರೂ ಏನೂ ಹಾಕಲಿಲ್ಲ, ಗ್ಯಾಸನ್ನು ಯಾರೂ ಉರಿಸಲೂ ಇಲ್ಲ. ನಾನು ಹಿತ್ತಿಲ ಬಾಗಿಲಲ್ಲಿ ಕೂತು ನೋಡುತ್ತಿದ್ದೆ. ಡ್ರಮ್ಮು ಪೂರ್ತಿ ಮೇಲೆದ್ದು ನಿಂತಿತ್ತು. ಅಂಚಿನಲ್ಲಿ ಗುಳುಗುಳು ಎಂದು ಗುಳ್ಳೆ ಬರುತ್ತಿತ್ತು. ಅವನಿದ್ದಿದ್ದರೆ ಗ್ಯಾಸ್ ದಂಡ ಎಂದು ಹಂಡೆಗಟ್ಟಲೆ ನೀರಾದರೂ ಕಾಯಿಸುತ್ತಿದ್ದ.

ಹನ್ನೊಂದನೆಯ ದಿನ ಶಿವಗಣಾರಾಧನೆ. ಅರಕಲಗೂಡಿನಿಂದ ನಮ್ಮ ಸೋದರಮಾವ ಬಂದು ಎಲ್ಲವನ್ನೂ ಹೆಗಲ ಮೇಲೆ ಹಾಕಿಕೊಂಡರು. ಅವರಿಲ್ಲದಿದ್ದರೆ ಆ ದಿನ ನಡೆಯುತ್ತಿರಲಿಲ್ಲ, ಇದನ್ನು ಮೊದಲೇ ಹೇಳಬೇಕು. ಹೊರಗೆ ಪೆಂಡಾಲಿನಲ್ಲಿ ಸೌದೆ ಒಲೆ ಹೂಡಿ ಅಡುಗೆಯವರು ಮಾಡಿದರು. ಹೆದ್ದಾರಿ ಹೋಟೆಲಿನವನು, ಎಲ್ಲರಿಗೂ ಬೇಕಾದವನು, ಜನ ಸಿಕ್ಕಾಪಟ್ಟೆ ಬರುತ್ತಾರೆ ಎಂದು ಹೆಚ್ಚಾಗಿಯೇ ಮಾಡಿಸಿದ್ದರು. ಮಧ್ಯಾಹ್ನ ಮಳೆ ಹಿಡಿಯಿತು. ಅರ್ಧ ಜನ ಬರಲಿಲ್ಲ. ಅನ್ನ, ಪಾಯಸ, ಹುಳಿ, ಮಜ್ಜಿಗೆ, ಕೊಳಗಗಳಲ್ಲಿ ಹಾಗೇ ಉಳಿಯಿತು.

ನಮ್ಮಲ್ಲಿ ಅದು ಪ್ರಸಾದ. ಚೆಲ್ಲುವ ಹಾಗಿಲ್ಲ, ಜನ ತುಳಿಯುವ ಕಡೆ ಹಾಕುವ ಹಾಗಿಲ್ಲ. ಊರಿನಲ್ಲಿ ಹಂಚಿದರೂ ಮುಗಿಯಲಿಲ್ಲ. ಆಗ ಮಾವನಿಗೆ ತೊಟ್ಟಿ ಹೊಳೆದಿದೆ. “ಅವ್ನೇ ಕಟ್ಸಿರೋ ತೊಟ್ಟಿ. ಅಲ್ಗಾಕುದ್ರೆ ಬೆಂಕಿ ಆಯ್ತದೆ. ಶಿವನ್ ಪ್ರಸಾದುಕ್ಕೆ ಅದುಕ್ಕಿಂತ ಒಳ್ಳೆ ಜಾಗ ಎಲ್ಲೈತೆ?” ಎಂದರಂತೆ. ಬಂದಿದ್ದವರಿಗೆಲ್ಲ ಕಣ್ಣು ತುಂಬಿ ಬಂತಂತೆ. ಒಬ್ಬೊಬ್ಬರೂ ಒಂದೊಂದು ಪಾತ್ರೆ ಹಿಡಿದು, ಕೈ ಮುಗಿದು, ತೊಟ್ಟಿಯ ಬಾಯಿಗೆ ಸುರಿದರಂತೆ. ನಾನು ಆಗ ಒಳಗೆ, ಹೆಂಗಸರ ಮಧ್ಯೆ ಕೂತಿದ್ದೆ. ಯಾರೋ ಬಂದು ಹೇಳಿದಾಗ ನನಗೂ ಅದು ಸರಿ ಅನ್ನಿಸಿತು. ಹಸಿದ ಹೊಟ್ಟೆಗೆ ಒಂದೇ ಸಲ ಹಬ್ಬದೂಟ ಹಾಕಿದ ಹಾಗಾಯಿತು ಎಂಬುದು ಆ ದಿನ ಯಾರ ತಲೆಗೂ ಹೋಗಲಿಲ್ಲ.

ಹೋಟೆಲ್ ಮತ್ತೆ ತೆರೆದ ದಿನ ಡ್ರಮ್ಮು ತುಂಬಾ ಎತ್ತರಕ್ಕೆ ಎದ್ದಿತ್ತು. ತಮ್ಮನ ಹೆಂಡತಿ ಹಾಲಿಟ್ಟು ಕೊಳವೆಯ ತಿರುಪು ತಿರುಗಿಸಿ ಕಡ್ಡಿ ಗೀರಿದಳು. ಬುಸ್ಸೆಂದು ಕಡ್ಡಿಯೇ ಆರಿತು. ಇನ್ನೊಂದು ಗೀರಿದಳು, ಅದೂ ಆರಿತು. ಗ್ಯಾಸ್ ಬರುತ್ತಿದೆ, ಬೆಂಕಿ ಹಿಡಿಯುತ್ತಿಲ್ಲ. ಕೆಟ್ಟ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಅವಳು ಕಡ್ಡಿಪೆಟ್ಟಿಗೆಯನ್ನು ಅಲ್ಲೇ ಇಟ್ಟು ಗಲ್ಲಾಕ್ಕೆ ಹೋಗಿ ಕೂತಳು. ಹಾಲನ್ನು ನಾನು ಸಿಲಿಂಡರ್ ಒಲೆಗೆ ಎತ್ತಿಟ್ಟೆ.

ದಿನ ಕಳೆದ ಹಾಗೆ ವಾಸನೆ ಹೆಚ್ಚಿತು. ಹಿಂದಿನ ಟೇಬಲ್ಲುಗಳಲ್ಲಿ ಯಾರೂ ಕೂರಲಿಲ್ಲ. “ಏನಮ್ಮಾ, ಇಡ್ಲಿ ಹಿಟ್ಟು ಉಬ್ಬಿ ಹಿತ್ಲುಗಂಟ ಹೋಗೈತಾ?” ಎಂದು ಒಬ್ಬ ಮೂಗು ಮುಚ್ಚಿಕೊಂಡು ಕೇಳಿದ. ತಮ್ಮ ಸತ್ತಿರುವುದು ಗೊತ್ತಿಲ್ಲದ ಗಿರಾಕಿ.

ಒಂದು ಸಂಜೆ ಅಡುಗೆಮನೆ ತೊಳೆಯುವಾಗ ತಮ್ಮನ ಹೆಂಡತಿ ಹೇಳಿದಳು. “ಅತ್ತಿಗೆ, ಅದುನ್ನ ಮುಚ್ಚಾಕ್ಸಾಣ. ಟ್ರಾಕ್ಟರ್‌ನೋರು ದೀಪಾವಳಿ ಕಳುದ್ಮೇಲೆ ಯಾರ್ದೋ ಮನೆ ಪಾಯ ತೆಗೀತಾರಂತೆ. ಮಣ್ಣ ಸುಮ್ಕೆ ತಂದು ಸುರೀತೀವಿ ಅಂದವ್ರೆ.”

“ಅವನು ಕಟ್ಸಿದ್ದು ಕಣವ್ವ,” ಎಂದೆ.

“ಗೊತ್ತು. ಕಟ್ಸುವಾಗ ಕಲ್ಲು ಹೊತ್ತೋಳು ನಾನೇ.” ನೆಲಕ್ಕೆ ಇನ್ನೊಂದು ಚೆಂಬು ನೀರು ಎರಚಿ, “ದಿನಾ ಎದ್ದು ಆ ವಾಸ್ನೆ ಕುಡ್ಕಂಡು ಅವ್ರು ಇಲ್ಲ ಅಂತ ನೆಪ್ಪು ಮಾಡ್ಕಳಕ್ಕೆ ನನ್ ಕೈಲಾಗಲ್ಲ,” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇಬ್ಬರಿಗೂ ಅಷ್ಟೇ ದಣಿವು.

ದೀಪಾವಳಿಗೆ ಇನ್ನೂ ಮೂರು ನಾಲ್ಕು ವಾರ ಇತ್ತು. ಮಣ್ಣು ಬರುವುದರೊಳಗೆ ಉರಿ ಬಂದರೆ ನೋಡೋಣ ಎಂದು ಕೇಳಿಕೊಂಡೆ. ಅವಳು ಪೊರಕೆ ಹಿಡಿದು ಉಳಿದ ನೀರನ್ನು ಮೋರಿಗೆ ತಳ್ಳಿದಳು.

ದುದ್ದದಲ್ಲಿ ನಮ್ಮ ಚಿಕ್ಕಮ್ಮ ಇದ್ದಾರೆ. ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವರು. ಅವರ ಮನೆಯಲ್ಲಿ ಹಳೆಯ ಗೋಬರ್ ಗ್ಯಾಸ್ ಇಂದಿಗೂ ಉರಿಯುತ್ತದೆ. ಹಾಸನಕ್ಕೆ ಹೋಗಿ ಬಸ್ಸು ಬದಲಾಯಿಸಿ ಅವರಲ್ಲಿಗೆ ಹೋದೆ. ದನದ ಮೈ ತೊಳೆಯುತ್ತಲೇ ನನ್ನ ಮಾತು ಕೇಳಿದರು.

“ಅಲ್ಲ ಕಣಮ್ಮಿ, ಉಪಾಸ ಕೆಡವಿ ಆಮೇಲೆ ಕೊಳಗಗಟ್ಲೆ ಪಾಯಸ ಉಯ್ದವ್ರಲ್ಲ, ನೀನಾದ್ರೂ ಬದುಕ್ತಿದ್ದಾ?” ಎಂದರು. “ಒಳ್ಗಿರದ್ರಲ್ಲಿ ಮುಕ್ಕಾಲು ಪಾಲು ತೆಗ್ದು ಆಚ್ಗೆ ಬುಡು. ನಮ್ ತೊಟ್ಟಿ ಬಗ್ಗಡ ಕೊಡ್ತೀನಿ, ಅದುನ್ನ ಹೆಪ್ಪಾಕ್ದಂಗೆ ಆಕು. ನಿನ್ ತಮ್ಮ ಅದೇನೋ ಇದ್ಲು ಆಕ್ತಿದ್ನಲ್ಲ, ಅದೂ ಇರ್ಲಿ. ಆಮೇಲೆ ಬಾಣಂತಿಗೆ ಕೊಟ್ಟಂಗೆ ಒಸಿ ಒಸಿ ಕೊಡು.”

ನಾನು ಹಸುವಿನ ಹಗ್ಗವನ್ನು ಬೆರಳಿಗೆ ಸುತ್ತುತ್ತಿದ್ದೆ.

“ಏನ್ ಯೋಚ್ನೆ?”

“ತೆಗೀದೆ ಆಗಲ್ವಾ ಚಿಕ್ಕವ್ವ?”

“ಹುಳಿ ಮೊಸ್ರಿಗೆ ಹಾಲು ಉಯ್ದ್ರೆ ಸೀಯಾಯ್ತದಾ? ತೆಗೀಬೇಕು.”

ಅವರಿಗೆ ನಾನು ಹೇಳದೆ ಉಳಿಸಿಕೊಂಡದ್ದು ಇದು. ಸುರಿದದ್ದು ತೊಟ್ಟಿಯೊಳಗೆ ಒಂದೂವರೆ ತಿಂಗಳಾದರೂ ಇರುತ್ತದೆ, ನಿಧಾನಕ್ಕೆ ಮುಂದೆ ಮುಂದೆ ಹೋಗುತ್ತದೆ ಎಂದು ತಮ್ಮ ಹೇಳುತ್ತಿದ್ದ. ಹಾಗಿದ್ದರೆ ಅವನು ಕೊನೆಗೆ ಸುರಿದ ಬಕೆಟ್ ಇನ್ನೂ ಅದರೊಳಗೇ ಇದೆ. ಅವನು ಕೊಚ್ಚಿದ ಕುಂಬಳದ ಸಿಪ್ಪೆ, ಅವನ ಕೈ ತೊಳೆದ ನೀರು. ಅವನ ಬಟ್ಟೆ ಕೊಟ್ಟಾಯಿತು, ಚಪ್ಪಲಿ ಹೋಯಿತು, ಫೋನನ್ನು ಅವನ ಹೆಂಡತಿ ಬಳಸುತ್ತಾಳೆ. ಅವನು ಆ ದಿನ ಮಾಡಿದ ಕೆಲಸ ಮಾತ್ರ ಅಲ್ಲಿ ಮುಗಿಯದೆ ಉಳಿದಿತ್ತು. ಬುದ್ಧಿ ಇದ್ದವರು ಹೀಗೆ ಯೋಚಿಸುವುದಿಲ್ಲ, ನನಗೂ ಗೊತ್ತು. ಆದರೂ ರಾತ್ರಿ ಮಲಗುವಾಗ ಅದು ಹಿತ್ತಿಲಲ್ಲಿದೆ ಎಂಬುದೇ ಒಂದು ಆಸರೆಯಾಗಿತ್ತು.

ಚಿಕ್ಕಮ್ಮ ಬಗ್ಗಡವನ್ನು ಪ್ಲಾಸ್ಟಿಕ್ ಡ್ರಮ್ಮುಗಳಿಗೆ ತುಂಬಿಸಿ ಪಕ್ಕದ ಮನೆಯವರ ಗೂಡ್ಸ್ ಆಟೋದಲ್ಲಿ ಕಳಿಸಿಕೊಟ್ಟರು. ದಾರಿಯುದ್ದಕ್ಕೂ ಅದು ಮುಚ್ಚಳದ ಸಂದಿನಿಂದ ತುಳುಕುತ್ತಿತ್ತು. ಚನ್ನರಾಯಪಟ್ಟಣದ ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವನು ಮುಖ ಕಿವುಚಿ, “ಏನಣ್ಣಾ ಲೋಡು?” ಎಂದ. ಆಟೋದವನು, “ಹಿರೀಸಾವೆ ಹೋಟ್ಲಿಗೆ ಸಾಂಬಾರ್ ಕಣಣ್ಣ, ಬತ್ತೀಯಾ?” ಎಂದ. ಆಮೇಲೆ ನಾನು ಪಕ್ಕದಲ್ಲಿರುವುದು ನೆನಪಾಗಿ, “ತಪ್ಪಾಯ್ತು ಕಣವ್ವ,” ಎಂದ. ಎಷ್ಟೋ ದಿನದ ಮೇಲೆ ನನಗೆ ನಗು ಬಂದಿತ್ತು. ತಮ್ಮ ಇದ್ದಿದ್ದರೆ ಅದನ್ನೇ ಹೇಳುತ್ತಿದ್ದ.

ಡ್ರಮ್ಮುಗಳು ಬಂದವು, ಹಿತ್ತಿಲಲ್ಲಿ ಕೂತವು. ನಾನು ತೊಟ್ಟಿ ಬಿಚ್ಚಲಿಲ್ಲ. ಮೊದಲು ಇದ್ದಿಲು ಮಾಡಬೇಕು ಎಂದು ನೆಪ ಹೇಳಿಕೊಂಡೆ. ಚಿಪ್ಪುಗಳನ್ನು ಪೀಪಾಯಿಗೆ ತುಂಬಿ ಹಚ್ಚಿದೆ. ಮುಚ್ಚಳ ಹಾಕುವುದು ತಡವಾಗಿ ಮೊದಲ ಸಲ ಎಲ್ಲ ಬೂದಿಯಾಯಿತು. ಎರಡನೆಯ ಸಲ ಹೊಗೆ ತೆಳ್ಳಗಾದ ಕೂಡಲೇ ಮುಚ್ಚಿ, ಅಂಚಿಗೆ ಮಣ್ಣು ಮೆತ್ತಿದೆ. ಮರುದಿನ ತೆಗೆದಾಗ ಕಪ್ಪಗೆ, ತಟ್ಟಿದರೆ ಗಾಜಿನ ಹಾಗೆ ಸದ್ದಾಗುವ ಇದ್ದಿಲು ಬಂದಿತ್ತು. ಒರಳಿನಲ್ಲಿ ಕುಟ್ಟಿ, ದುದ್ದದ ಬಗ್ಗಡದಲ್ಲಿ ನೆನೆಹಾಕಿದೆ. ಒಣ ಪುಡಿಯನ್ನು ಹಾಗೇ ಹಾಕಬಾರದು, ಮೊದಲು ಅದಕ್ಕೆ ಊಟ ಕೊಡಬೇಕು ಎನ್ನುತ್ತಿದ್ದ. ಅದೂ ನೆನೆಯಿತು. ನೆಪ ಮುಗಿಯಿತು.

“ಇವತ್ತು ತೆಗೀತೀರಾ ಅತ್ತಿಗೆ?” ಎಂದಳು ತಮ್ಮನ ಹೆಂಡತಿ.

“ಅವನು ಕೊನೇಗೆ ಆಕಿದ್ದು ಒಳಗೇ ಐತೆ ಕಣವ್ವ,” ಎಂದೆ. ಬಾಯಿಂದ ಹೇಗೋ ಬಂದುಬಿಟ್ಟಿತು.

ಅವಳು ನಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಹಾರೆ ತಂದಳು. ಹಿತ್ತಿಲ ಇಳಿಜಾರಿಗೆ ಬಾಯಿ ಬಿಟ್ಟ ತಳದ ಪೈಪಿನ ಮುಚ್ಚಳ ಬಿಗಿದುಹೋಗಿತ್ತು. ಇಬ್ಬರೂ ಸೇರಿ ತಿರುಗಿಸಿದೆವು. ಮೊದಲು ಬುಳಬುಳನೆ, ಆಮೇಲೆ ದಪ್ಪ ಧಾರೆಯಾಗಿ ಬಗ್ಗಡ ಬಾಳೆಗಿಡಗಳ ನಡುವಿನ ಗುಂಡಿಗೆ ಹರಿಯಿತು. ಎಂಥ ವಾಸನೆ ಎಂದು ಬರೆಯಲಾರೆ. ಕಟ್ಟೆಯ ಮೇಲೆ ನಿಂತು ನೋಡಿದೆ. ಕುಂಬಳದ ಸಿಪ್ಪೆ ಇರಲಿಲ್ಲ. ಪ್ರಸಾದದ ಅನ್ನದ ಅಗುಳು ಅಲ್ಲಲ್ಲಿ ಇತ್ತು, ಮಿಕ್ಕಿದ್ದೆಲ್ಲ ಒಂದೇ ಬಣ್ಣ. ಯಾವುದು ಅವನು ಹಾಕಿದ್ದು, ಯಾವುದು ಮಂದಿ ಹಾಕಿದ್ದು ಎಂದು ಹೇಳುವ ಹಾಗಿರಲಿಲ್ಲ.

ಧಾರೆ ಸಣ್ಣಗಾದಾಗ ತಳದ ಗಸಿ ಬಂತು. ಅದರಲ್ಲಿ ಕಪ್ಪು ಹರಳುಗಳು. ತಮ್ಮನ ಹೆಂಡತಿ ಕೈಯಲ್ಲಿ ಹಿಡಿದು ನೀರಿನಲ್ಲಿ ಅಲ್ಲಾಡಿಸಿದಳು. “ಇದ್ಲು,” ಎಂದಳು. ಹಾಕಿದ್ದೆಲ್ಲ ಕರಗಿ ಹೋಗಿತ್ತು, ಇದು ಹಾಗೇ ಇತ್ತು. ಇದ್ದಿಲು ಕೊಳೆಯುವುದಿಲ್ಲ. ಅವನು ಈ ವರ್ಷಗಳಲ್ಲಿ ಸುಟ್ಟು ಕುಟ್ಟಿ ಹಾಕಿದ್ದು ಅದು. ಅವಳು ಮುಚ್ಚಳ ತಿರುಗಿಸಿ ಪೈಪು ನಿಲ್ಲಿಸಿದಳು. “ಇಷ್ಟಿರ್ಲಿ ಬುಡಿ ಅತ್ತಿಗೆ.” ಗುಂಡಿಗೆ ಬಿದ್ದ ಗಸಿಯನ್ನೂ ಸೊಳ್ಳೆಪರದೆಯ ತುಂಡಿನಲ್ಲಿ ಸೋಸಿ, ಉಳಿದ ಹರಳುಗಳನ್ನು ನಾನು ನೆನೆಹಾಕಿದ ಹೊಸ ಪುಡಿಯ ಜೊತೆ ಸೇರಿಸಿದಳು. ಇದರಿಂದ ಸಮಾಧಾನವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಸೊಂಟ ನೋಯುತ್ತಿತ್ತು. ಮೈಯೆಲ್ಲ ನಾರುತ್ತಿತ್ತು. ಇಬ್ಬರೂ ನೀರಿನ ಬಾವಿಯ ಕಟ್ಟೆಯ ಹತ್ತಿರ ಕೂತು ಸ್ವಲ್ಪ ಅತ್ತೆವು, ಅವನು ಹೋದ ಮೇಲೆ ಮೊದಲ ಸಲ ಒಟ್ಟಿಗೆ.

ಚಿಕ್ಕಮ್ಮನ ಬಗ್ಗಡ, ಇದ್ದಿಲು, ಒಲೆಯ ಒಂದಿಷ್ಟು ಬೂದಿ, ಎಲ್ಲ ಒಳಗೆ ಹೋಯಿತು. ಮೊದಲ ವಾರ ಬರೀ ಸಗಣಿ ನೀರು ಕೊಟ್ಟೆ. ಆಮೇಲೆ ಒಂದು ಹಿಡಿ ಸಿಪ್ಪೆ, ನುಣ್ಣಗೆ ಕೊಚ್ಚಿ. ನಿಂಬೆಹೋಳು ಬೇಡ, ಹುಳಿ ಮಜ್ಜಿಗೆ ಬೇಡ, ಕರಿದ ಎಣ್ಣೆ ಬೇಡ. ದಿನಾ ಕಡ್ಡಿ ಗೀರಿದೆ, ದಿನಾ ಆರಿತು. ಡ್ರಮ್ಮಿನ ಕೊಳವೆ ಬಿಚ್ಚಿ ಕೆಟ್ಟ ಗ್ಯಾಸನ್ನು ಗಾಳಿಗೆ ಬಿಡುತ್ತಿದ್ದೆ. ವಾಸನೆ ಮಾತ್ರ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾ ಬಂತು. ಮಾವ ಅರಕಲಗೂಡಿನಿಂದ ಫೋನ್ ಮಾಡಿ, “ನಾನೇ ಆಕ್ಸಿದ್ದು ಕಣವ್ವ, ಒಳ್ಳೇದಾಯ್ತದೆ ಅನ್ಕಂಡೆ,” ಎಂದು ಎರಡು ಮೂರು ಸಲ ಹೇಳಿದರು. ಪ್ರಸಾದ ಎಲ್ಲೂ ತುಳಿದ ಜಾಗಕ್ಕೆ ಹೋಗಿಲ್ಲ ಮಾವ, ಬಾಳೆ ಬುಡಕ್ಕೆ ಹೋಗಿದೆ ಎಂದೆ. ಅವರು ಅತ್ತರು ಅನ್ನಿಸಿತು.

ದೀಪಾವಳಿ ಕಳೆಯಿತು. ನಾವು ಹಬ್ಬ ಮಾಡಲಿಲ್ಲ. ಒಂದು ಬೆಳಿಗ್ಗೆ, ಟಿಫನ್ನಿನ ಗಲಾಟೆ ಇಳಿಯುತ್ತಿದ್ದ ಹೊತ್ತು, ಟ್ರಾಕ್ಟರ್ ಹೋಟೆಲಿನ ಮಗ್ಗುಲಿಗೆ ಬಂದು ನಿಂತಿತು. ಹಿಂದೆ ಟ್ರೇಲರ್ ತುಂಬ ಕೆಂಪು ಮಣ್ಣು.

“ಎಲ್ ಸುರೀಲಕ್ಕ?” ಎಂದು ಡ್ರೈವರ್ ಕೂಗಿದ.

ತಮ್ಮನ ಹೆಂಡತಿ ಗಲ್ಲಾದಿಂದ ಎದ್ದು ಬಂದು ನನ್ನ ಮುಖ ನೋಡಿದಳು. ಹಿಂದಿನ ದಿನ ಕಡ್ಡಿ ಆರಿತ್ತು. ಅವಳು ಅಡುಗೆಮನೆಗೆ ಹೋದಳು. ನಾನೂ ಹಿಂದೆ ಹೋದೆ. ಕೊಳವೆಯ ತಿರುಪು ತಿರುಗಿಸಿ ಅವಳೇ ಕಡ್ಡಿ ಗೀರಿದಳು. ಹತ್ತಿತು. ಹತ್ತಿದ ಹಾಗೇ ಆರಿತು. ಇನ್ನೊಂದು ಕಡ್ಡಿ ಗೀರಿ, ಕೈಯನ್ನು ಅಡ್ಡ ಹಿಡಿದು ಕಾಯುತ್ತಾ ನಿಂತಳು. ಒಂದು ಕಡೆಯಿಂದ ಸಣ್ಣ ಉರಿ ಎದ್ದು, ಬರ್ನರಿನ ಸುತ್ತ ನಡೆದು, ಇನ್ನೊಂದು ಕಡೆ ಸೇರಿತು. ಹಳದಿಯಾಗಿತ್ತು, ಕುಳ್ಳಗಿತ್ತು. ಒಂದು ಲೋಟ ನೀರು ಕಾಯುವುದೂ ಕಷ್ಟ. ಆದರೆ ಆರದೆ ನಿಂತಿತು.

ಹೊರಗೆ ಡ್ರೈವರ್ ಹಾರ್ನ್ ಮಾಡಿದ. “ಅಕ್ಕೋ, ಲೇಟಾಯ್ತದೆ!”

ಅವಳು ಬಾಗಿಲಿಗೆ ಹೋಗಿ, “ಮುಂದೆ ಲಾರಿ ನಿಲ್ಲೋ ಕಡೆ ಗುಂಡಿ ಐತಲ್ಲ, ನೀರ್ ನಿಂತ್ಕತದೆ, ಅಲ್ಲಿಗೆ ಸುರಿಯಪ್ಪ,” ಎಂದಳು.

“ಹಿತ್ಲಿಗೆ ಅಂದಿದ್ರಿ?”

“ಬೆಂಕಿ ಹತ್ತೋದ್ನ ಮುಚ್ಚಕ್ಕಾಯ್ತದಾ?”

ಒಳಗೆ ಬಂದು ಒಲೆಯ ಮೇಲೆ ಹಾಲಿನ ಸಣ್ಣ ಪಾತ್ರೆ ಇಟ್ಟಳು. ಅದು ಉಕ್ಕಲು ಬಹಳ ಹೊತ್ತು ಹಿಡಿಯಿತು. ನಾವಿಬ್ಬರೂ ಅಲ್ಲೇ ನಿಂತಿದ್ದೆವು. ನನಗೆ ಏನೋ ಅನ್ನಿಸಬೇಕು ಎಂದು ಕಾದೆ. ಅವನು ಬಂದ ಹಾಗೆ, ಅಥವಾ ಹತ್ತಿರದಲ್ಲಿರುವ ಹಾಗೆ. ಹಾಲು ಉಕ್ಕಿತು, ಅಷ್ಟೇ. ಅವನು ಸುರಿದದ್ದು ಬಾಳೆಯ ಬುಡಕ್ಕೆ ಹೋಗಿಯಾಗಿದೆ. ಈ ಉರಿ ನಾವು ಹಾಕಿದ್ದರದು, ದುದ್ದದ ಹಸುಗಳದು. ಆ ಕಪ್ಪು ಹರಳುಗಳ ಪಾಲು ಎಷ್ಟಿದೆಯೋ.

ಈಗ ಉರಿ ನೀಲಿಗೆ ತಿರುಗಿದೆ. ಕಾಫಿ ಅದರಲ್ಲೇ ಆಗುತ್ತದೆ. ಬೇಳೆ ಬೇಯಿಸುವಷ್ಟು ಇನ್ನೂ ಬಂದಿಲ್ಲ. ಚಿಪ್ಪು ಸುಡುವುದು ತಮ್ಮನ ಹೆಂಡತಿ ಕಲಿತಿದ್ದಾಳೆ, ನನಗಿಂತ ಚೆನ್ನಾಗಿ ಸುಡುತ್ತಾಳೆ. ಬಕೆಟ್ ನನ್ನ ಪಾಲಿಗೆ ಬಂದಿದೆ. ಬೆಳಿಗ್ಗೆ ಎದ್ದರೆ ಮೈ ಏಳುವುದಿಲ್ಲ, ಆದರೂ ಏಳಬೇಕು, ಒಂದು ದಿನ ಬಿಟ್ಟರೆ ಅದು ಮತ್ತೆ ಮುನಿಯುತ್ತದೆ. ಮಣೆಯ ಮುಂದೆ ಕೂತು ಸಿಪ್ಪೆ ಕೊಚ್ಚುತ್ತೇನೆ. ಸಾಕು ಅನ್ನಿಸಿದ ಮೇಲೂ ಇನ್ನೊಂದು ಸಲ, ಇನ್ನೂ ಸಣ್ಣಗೆ. ಅದಕ್ಕೆ ಹಲ್ಲಿಲ್ಲ.